ಬೇಡವಾದವರನ್ನು ಚಿತ್ರದಿಂದ ಅಳಿಸುವುದು ಸರಿಯೇ?

ನಮ್ಮ ಮನೆಗಳ ಹಳೆಯ ಆಲ್ಬಮ್‌ಗಳನ್ನು ತಿರುವಿ ಹಾಕಿದವರಿಗೆ ಎಲ್ಲಾದರೊಂದು ಕಡೆ ಕತ್ತರಿ ಆಡಿದ ಚಿತ್ರ ಸಿಕ್ಕೇ ಸಿಗುತ್ತದೆ. ಮದುವೆಯ ಗುಂಪುಚಿತ್ರದ ಒಂದು ಅಂಚು ಓರೆಯಾಗಿ ಕತ್ತರಿಸಿಹೋಗಿರುತ್ತದೆ; ಇಲ್ಲವೇ ಸಾಲಿನ ನಡುವೆ ಒಂದು ಮುಖವಿರಬೇಕಾದ ಜಾಗದಲ್ಲಿ ತೂತು ಬಿದ್ದಿರುತ್ತದೆ. ಕತ್ತರಿಸಿದವರಿಗೆ ಎಲ್ಲವನ್ನೂ ತೆಗೆಯಲು ಆಗಿರುವುದಿಲ್ಲ. ಪಕ್ಕದವರ ಹೆಗಲ ಮೇಲೆ ಆ ವ್ಯಕ್ತಿಯ ಕೈ, ಉಂಗುರದ ಸಮೇತ, ಹಾಗೆಯೇ ಉಳಿದಿರುತ್ತದೆ. ಅಂತಹ ಚಿತ್ರವನ್ನು ಕಂಡೊಡನೆ ಮಕ್ಕಳು ಕೇಳುವ ಮೊದಲ ಮಾತು, "ಅಜ್ಜೀ, ಇಲ್ಲಿ ಯಾರಿದ್ದರು?" ಎಂಬುದು. ಅಜ್ಜಿ ಉತ್ತರ ಹೇಳುತ್ತಾರೋ, ಮಾತು ತೇಲಿಸಿ ಎದ್ದು ಹೋಗುತ್ತಾರೋ, ಅದು ಬೇರೆ ಸಂಗತಿ. ಪ್ರಶ್ನೆಯಂತೂ ಹುಟ್ಟುತ್ತದೆ.

ಈಗ ಅಂತಹ ತೂತು ಬೀಳುವುದಿಲ್ಲ. ಮೊಬೈಲಿನ ಪರದೆಯ ಮೇಲೆ ಬೇಡವಾದವರ ಸುತ್ತ ಬೆರಳಿನಿಂದ ಒಂದು ಗೆರೆ ಎಳೆದರೆ ಸಾಕು, ಕ್ಷಣಾರ್ಧದಲ್ಲಿ ಅವರು ಮಾಯವಾಗುತ್ತಾರೆ. ಅವರ ಹಿಂದಿದ್ದ ಗೋಡೆ, ಪರದೆ, ಹೂವಿನ ಕುಂಡ ಅಲ್ಲಿ ಮೊದಲಿನಿಂದಲೂ ಇದ್ದಂತೆ ತೋರುತ್ತವೆ. ಗೂಗಲ್ ಸಂಸ್ಥೆಯು ತನ್ನ ಪಿಕ್ಸೆಲ್ 6 ದೂರವಾಣಿಯೊಂದಿಗೆ 'ಮ್ಯಾಜಿಕ್ ಇರೇಸರ್' ಎಂಬ ಸೌಲಭ್ಯವನ್ನು ತಂದದ್ದು 2021ರಲ್ಲಿ. ಆಪಲ್ ಸಂಸ್ಥೆಯ 'ಕ್ಲೀನ್ ಅಪ್' ಬಂದದ್ದು 2024ರಲ್ಲಿ. ಸ್ಯಾಮ್‌ಸಂಗ್ ದೂರವಾಣಿಗಳಲ್ಲಿಯೂ ಇಂತಹುದೇ ಸೌಲಭ್ಯವಿದೆ. ಹಿಂದೆ ಇದಕ್ಕೆ ಸ್ಟುಡಿಯೋದವರ ಪರಿಣತಿ ಬೇಕಾಗಿತ್ತು. ನೆಗೆಟಿವ್‌ನ ಮೇಲೆ ಚೂಪಾದ ಪೆನ್ಸಿಲ್ ಹಿಡಿದು 'ಟಚಪ್' ಮಾಡುವ ಕೈಚಳಕವನ್ನು ಕಲಿಯಲು ವರ್ಷಗಳೇ ಹಿಡಿಯುತ್ತಿದ್ದವು. ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ ತಂತ್ರಾಂಶವು 1990ರಲ್ಲಿ ಮಾರುಕಟ್ಟೆಗೆ ಬಂದ ಮೇಲೂ, ಬಹುಕಾಲ ಅದು ಅಭ್ಯಾಸವಿದ್ದವರ ಕೈಯ ಸಾಧನವೇ ಆಗಿತ್ತು. ಇಂದು ಧರ್ಮೋಪದೇಶದ ತರಗತಿಗೆ ಹೋಗುವ ಬಾಲಕನೂ ತನ್ನ ಚಿಕ್ಕಪ್ಪನನ್ನು ಚಿತ್ರದಿಂದ ಅಳಿಸಬಲ್ಲ.

ಅಳಿಸಿದ ಜಾಗಕ್ಕೆ ಏನು ಬರುತ್ತದೆ ಎಂಬುದನ್ನು ನಾವು ತಿಳಿದುಕೊಳ್ಳುವುದು ಅಗತ್ಯ. ಛಾಯಾಚಿತ್ರವೆಂದರೆ ಗಣಕಯಂತ್ರದ ಮಟ್ಟಿಗೆ ಲಕ್ಷಾಂತರ ಬಣ್ಣದ ಚುಕ್ಕಿಗಳ ಒಂದು ಜೋಡಣೆ. ಒಬ್ಬ ವ್ಯಕ್ತಿಯನ್ನು ತೆಗೆದಾಗ ಅವನ ಬೆನ್ನ ಹಿಂದೆ ಇದ್ದದ್ದು ನಮಗೆ ಕಾಣಸಿಗುವುದಿಲ್ಲ. ಕ್ಯಾಮರಾ ಅದನ್ನು ಕಂಡೇ ಇರಲಿಲ್ಲ. ಮೊದಮೊದಲು ಪಕ್ಕದ ಗೋಡೆಯ ತುಣುಕನ್ನು ಕೈಯಾರೆ ನಕಲು ಮಾಡಿ ಅಂಟಿಸಬೇಕಾಗಿತ್ತು. 2010ರಲ್ಲಿ ಬಂದ ಫೋಟೋಶಾಪ್‌ನ ಆವೃತ್ತಿಯು ಅದೇ ಚಿತ್ರದೊಳಗೆ ಹೋಲುವ ತುಣುಕುಗಳನ್ನು ತಾನೇ ಹುಡುಕಿ ಹೊಲಿಯುವ ಕೆಲಸ ಮಾಡತೊಡಗಿತು. 2023ರಿಂದೀಚೆಗಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಇನ್ನೂ ಮುಂದೆ ಹೋಗಿವೆ: ಬೇರೆ ಅಸಂಖ್ಯಾತ ಚಿತ್ರಗಳಿಂದ ಕಲಿತದ್ದರ ಆಧಾರದ ಮೇಲೆ 'ಇಲ್ಲಿ ಇಂತಹುದು ಇದ್ದಿರಬಹುದು' ಎಂದು ಊಹಿಸಿ ಹೊಸದಾಗಿಯೇ ಬರೆದುಬಿಡುತ್ತವೆ. ಹಾಗಾಗಿ ಅಳಿಸುವುದು ಎಂಬ ಮಾತೇ ಪೂರ್ತಿ ಸರಿಯಲ್ಲ. ಇದ್ದವರನ್ನು ತೆಗೆದು, ಎಂದೂ ಇಲ್ಲದಿದ್ದ ಗೋಡೆಯೊಂದನ್ನು ಕಟ್ಟಿದಂತಾಗುತ್ತದೆ.

ಇದೆಲ್ಲವೂ ಕೆಟ್ಟದ್ದು ಎಂದು ಹೇಳುವ ಉದ್ದೇಶ ನನ್ನದಲ್ಲ. ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಗಳ ತಲೆಯ ಮೇಲಿಂದ ವಿದ್ಯುತ್ ತಂತಿ ಹಾದುಹೋಗಿದ್ದರೆ, ದೇವಾಲಯದ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಚೀಲ ಬಿದ್ದಿದ್ದರೆ, ಅದನ್ನು ತೆಗೆದು ಗೋಡೆಗೆ ಹಾಕುವ ಚಿತ್ರವನ್ನು ಚೆಂದಗೊಳಿಸಿದರೆ ಯಾರಿಗೂ ನಷ್ಟವಿಲ್ಲ. ಹಳೆಯ ಚಿತ್ರಕ್ಕೆ ಹಿಡಿದ ಬೂಷ್ಟನ್ನೋ, ಮಡಚಿದ ಗುರುತನ್ನೋ ನಿವಾರಿಸುವುದು ಉಪಕಾರವೇ ಸರಿ. ಮನೆಯಲ್ಲಿ ಹಿರಿಯರು ತೀರಿಕೊಂಡ ದಿನ, ಶವಪೆಟ್ಟಿಗೆಯ ಮುಂದಿಡಲು ಅವರ ಒಂದೇ ಒಂದು ಒಂಟಿ ಭಾವಚಿತ್ರ ಇಲ್ಲದೆ ಮಕ್ಕಳು ಪರದಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಯಾವುದೋ ಸೋದರಳಿಯನ ಮದುವೆಯ ಗುಂಪುಚಿತ್ರ ಹುಡುಕಿ, ಅಕ್ಕಪಕ್ಕದವರನ್ನು ತೆಗೆದು, ಅಜ್ಜಿಯ ಮುಖವನ್ನಷ್ಟೇ ಉಳಿಸಿ ಚೌಕಟ್ಟು ಹಾಕಿಸಿಕೊಡುವ ಸ್ಟುಡಿಯೋದವನು ಆ ಹೊತ್ತಿನಲ್ಲಿ ಮನೆಯವನೇ ಆಗಿರುತ್ತಾನೆ.

ಆದರೆ ಈ ಉದಾಹರಣೆಯೇ ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ಆ ಅಜ್ಜಿ ಗುಂಪುಚಿತ್ರದಲ್ಲಿ ನಿಂತಿದ್ದದ್ದು ಎಲ್ಲಿ? ಬಹುಪಾಲು ಅಂಚಿನಲ್ಲಿ; ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾರದೋ ಹೆಗಲ ಹಿಂದೆ ಅರ್ಧ ಮುಖ ಮರೆಯಾಗಿ. ಕ್ಯಾಮರಾದ ಮುಂದೆ ನಿಲ್ಲಲು ಸಂಕೋಚ ಪಡುತ್ತಿದ್ದವರು, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವರು, ವಿಧವೆಯರು, ಮನೆಗೆಲಸದವರು, ಚಪ್ಪರ ಕಟ್ಟಿದವರು, ಬುದ್ಧಿಮಾಂದ್ಯ ಮಗುವನ್ನು ಎತ್ತಿಕೊಂಡು ಹಿಂದೆ ನಿಂತ ತಾಯಿ: ಇವರ ಚಿತ್ರಗಳು ನಮಗೆ ದೊರೆತಿರುವುದು ಬೇರೆಯವರ ಚಿತ್ರಗಳ ಅಂಚಿನಲ್ಲಿಯೇ. ಇಂದಿನ ತಂತ್ರಾಂಶ ಮೊದಲು ಗುರುತಿಸಿ ತೆಗೆಯಲು ಸೂಚಿಸುವುದೂ ಅಂಚಿನಲ್ಲಿರುವವರನ್ನೇ. ಹಿನ್ನೆಲೆಯಲ್ಲಿ ಅಡ್ಡಬರುವವರು ಎಂಬುದು ಅದರ ಲೆಕ್ಕ. ಅಂದು ಈ ಸೌಲಭ್ಯ ಇದ್ದಿದ್ದರೆ ಎಷ್ಟೋ ಅಜ್ಜಿಯರ ಮುಖ ಇಂದು ನಮಗೆ ಸಿಗುತ್ತಲೇ ಇರಲಿಲ್ಲ.

ವಸ್ತುಗಳ ವಿಷಯವೂ ಅಷ್ಟೆ. ಹಳೆಯ ಚಿತ್ರವೊಂದರಲ್ಲಿ ನವದಂಪತಿಗಳ ಹಿಂದೆ ಆಕಸ್ಮಿಕವಾಗಿ ಕಾಣುವ ನಾಡಹೆಂಚಿನ ಮಾಡು, ತೊಲೆಗೆ ನೇತುಹಾಕಿದ ಲಾಟೀನು, ಒರಳುಕಲ್ಲು, ಕೆಡವಿ ಹೊಸದಾಗಿ ಕಟ್ಟುವ ಮೊದಲಿನ ದೇವಾಲಯದ ಮುಖಮಂಟಪ, ಇವೆಲ್ಲ ಅಂದಿನವರ ಕಣ್ಣಿಗೆ ಬೇಡವಾದ ಸಾಮಾನುಗಳಾಗಿದ್ದವು. ಇಂದು ನಾವು ಭೂತಗನ್ನಡಿ ಹಿಡಿದು ನೋಡುವುದು ಅವುಗಳನ್ನೇ. ಯಾವುದು ಅನಗತ್ಯ ಎಂಬ ತೀರ್ಮಾನವನ್ನು ಚಿತ್ರ ತೆಗೆದ ದಿನವೇ ಮಾಡುವುದು ಕಷ್ಟ. ಮೊಮ್ಮಕ್ಕಳಿಗೆ ಏನು ಬೇಕಾದೀತು ಎಂದು ನಮಗೆ ಗೊತ್ತಿಲ್ಲ.

ಇನ್ನು ಉದ್ದೇಶಪೂರ್ವಕವಾಗಿ ವ್ಯಕ್ತಿಗಳನ್ನು ತೆಗೆಯುವ ಮಾತು. ಮದುವೆ ಮುರಿದುಬಿದ್ದ ಮೇಲೆ ಅಳಿಯನನ್ನು, ಆಸ್ತಿಯ ವ್ಯಾಜ್ಯದ ನಂತರ ತಮ್ಮನನ್ನು, ಮನೆಯವರ ಒಪ್ಪಿಗೆಯಿಲ್ಲದೆ ಮದುವೆಯಾಗಿ ಹೋದ ಮಗಳನ್ನು ಕುಟುಂಬದ ಚಿತ್ರದಿಂದ ತೆಗೆದುಕೊಡಬೇಕೆಂಬ ಬೇಡಿಕೆ ಸ್ಟುಡಿಯೋಗಳಿಗೆ ಹೊಸದಲ್ಲ. ನಮ್ಮ ಸಮುದಾಯದಲ್ಲಿ ಇನ್ನೂ ಒಂದು ಬಗೆಯುಂಟು. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಗುರುದೀಕ್ಷೆ ಪಡೆದು ಕೆಲವು ವರ್ಷಗಳ ನಂತರ ಯಾಜಕತ್ವವನ್ನು ತೊರೆದ ಮಗ, ಕನ್ಯಾಮಠದಿಂದ ಹಿಂದಿರುಗಿದ ಮಗಳು. ದೀಕ್ಷೆಯ ದಿನ ಊರಿಗೆ ಊರೇ ಮೆರವಣಿಗೆಯಲ್ಲಿ ಬಂದು ತೆಗೆಸಿಕೊಂಡ ಚಿತ್ರ ಗೋಡೆಯಿಂದ ಇಳಿದು ಅಟ್ಟ ಸೇರುತ್ತದೆ. ಧರ್ಮಕೇಂದ್ರದ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಬಂದಾಗ ಆ ಹೆಸರು ಇರುವುದಿಲ್ಲ. ಈಗ ಚಿತ್ರವನ್ನು ಅಟ್ಟಕ್ಕೆ ಹಾಕುವ ಶ್ರಮವೂ ಬೇಕಿಲ್ಲ. ಆ ಒಬ್ಬನನ್ನು ತೆಗೆದು ಉಳಿದವರನ್ನು ಹತ್ತಿರ ಸರಿಸಿದರಾಯಿತು. ಆ ಮಗ, ಆ ಮಗಳು ಇನ್ನೂ ಬದುಕಿದ್ದಾರೆ, ಸಂಚಿಕೆಯನ್ನು ಅವರೂ ಬಿಡಿಸಿ ನೋಡುತ್ತಾರೆ ಎಂಬುದು ಸಂಪಾದಕ ಸಮಿತಿಗೆ ಹೊಳೆಯಬೇಕು.

ಮುಖಗಳನ್ನು ಅಳಿಸುವ ಕೆಲಸವನ್ನು ಸರ್ಕಾರವೇ ಮಾಡಿದ ಕಾಲವೊಂದಿತ್ತು. ಸ್ಟಾಲಿನ್ನನ ರಷ್ಯಾದಲ್ಲಿ ಗುಪ್ತ ಪೊಲೀಸ್ ದಳದ ಮುಖ್ಯಸ್ಥನಾಗಿದ್ದ ಯೆಝೋವ್, ಮಾಸ್ಕೋ-ವೋಲ್ಗಾ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ನನ ಪಕ್ಕದಲ್ಲಿ ನಡೆಯುತ್ತಿದ್ದ ಪ್ರಸಿದ್ಧ ಚಿತ್ರವಿದೆ. 1940ರಲ್ಲಿ ಯೆಝೋವ್‌ನನ್ನು ಗುಂಡಿಟ್ಟು ಕೊಂದ ನಂತರ ಪ್ರಕಟವಾದ ಪ್ರತಿಯಲ್ಲಿ ಅವನಿದ್ದ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಇದೆ. ಇದು ಹಲವರಿಗೆ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ನನಗೆ ಹೆಚ್ಚು ಮನಮುಟ್ಟಿತು. ರಾಡ್ಚೆಂಕೊ ಎಂಬ ಹೆಸರಾಂತ ಕಲಾವಿದ 1934ರಲ್ಲಿ ಉಜ್ಬೆಕಿಸ್ತಾನದ ಬಗ್ಗೆ ಒಂದು ಚಿತ್ರಸಂಪುಟವನ್ನು ವಿನ್ಯಾಸಗೊಳಿಸಿದ. ಅದರಲ್ಲಿದ್ದ ನಾಯಕರಲ್ಲಿ ಹಲವರು ಮುಂದೆ ಸ್ಟಾಲಿನ್ನನ ಕೋಪಕ್ಕೆ ಬಲಿಯಾದರು. ಅಂತಹವರ ಚಿತ್ರ ಮನೆಯಲ್ಲಿರುವುದೇ ಅಪಾಯವಾಗಿದ್ದ ಆ ದಿನಗಳಲ್ಲಿ, ಸ್ವತಃ ರಾಡ್ಚೆಂಕೊನ ಪ್ರತಿಯಲ್ಲಿಯೇ ಆ ಮುಖಗಳ ಮೇಲೆ ದಟ್ಟವಾದ ಕಪ್ಪು ಶಾಯಿ ಸುರಿಯಿತು. ಡೇವಿಡ್ ಕಿಂಗ್ ಎಂಬ ಬ್ರಿಟಿಷ್ ಸಂಗ್ರಾಹಕ ಆ ಪ್ರತಿಯನ್ನು ಕಂಡು ಹೊರಜಗತ್ತಿಗೆ ತೋರಿಸಿದರು. ಕಾಲುವೆಯ ಚಿತ್ರ ನಮಗೆ ಸುಳ್ಳು ಹೇಳುತ್ತದೆ. ಶಾಯಿ ಬಳಿದ ಪುಟವೋ, ಮುಖವನ್ನು ಮುಚ್ಚಿದರೂ, ಇಲ್ಲಿ ಒಬ್ಬ ಮನುಷ್ಯನಿದ್ದ, ಅವನ ಹೆಸರೆತ್ತಲೂ ಹೆದರುವ ಕಾಲ ಬಂತು ಎಂಬುದನ್ನು ಮುಚ್ಚಲಿಲ್ಲ. ನಮ್ಮ ಆಲ್ಬಮ್‌ನ ಕತ್ತರಿಯ ತೂತು ಈ ಶಾಯಿಯ ಜಾತಿಗೆ ಸೇರಿದ್ದು. ಮೊಬೈಲಿನ ಅಳಿಸುವಿಕೆಯಾದರೋ ಕಾಲುವೆಯ ನೀರಿನ ಜಾತಿಗೆ.

ಪತ್ರಿಕಾ ವೃತ್ತಿಯವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. 2014ರ ಜನವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ನಾರ್ಸಿಸೊ ಕಾಂಟ್ರೆರಾಸ್ ಎಂಬ ಛಾಯಾಗ್ರಾಹಕನೊಂದಿಗೆ ಸಂಬಂಧವನ್ನೇ ಕಡಿದುಕೊಂಡಿತು. ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿ ಆತನೂ ಒಬ್ಬನಾಗಿದ್ದ. ಸಿರಿಯಾದ ಯುದ್ಧದ ಒಂದು ಚಿತ್ರದ ಮೂಲೆಯಲ್ಲಿ ಸಹೋದ್ಯೋಗಿಯೊಬ್ಬನ ವಿಡಿಯೋ ಕ್ಯಾಮರಾ ಬಿದ್ದಿತ್ತು. ಅದನ್ನು ತೆಗೆದು ಆ ಜಾಗಕ್ಕೆ ನೆಲದ ತುಣುಕನ್ನು ತುಂಬಿದ್ದೇ ಅವನ ತಪ್ಪು. ಅವನ ಸುಮಾರು 500 ಚಿತ್ರಗಳನ್ನು ಪರಿಶೀಲಿಸಿದಾಗ ಬೇರೆಲ್ಲಿಯೂ ತಿದ್ದುಪಡಿ ಕಂಡುಬರಲಿಲ್ಲ. ಆದರೂ ಶಿಕ್ಷೆ ತಪ್ಪಲಿಲ್ಲ. ಇದು ಅತಿಯಾಯಿತು ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗೋಲಿಬಾರಿಗೆ ಬಲಿಯಾದ ವಿದ್ಯಾರ್ಥಿಯ ಬಳಿ ಮೊಣಕಾಲೂರಿ ಅಳುತ್ತಿರುವ ಹುಡುಗಿಯ ಚಿತ್ರದ ಗತಿ ಏನಾಯಿತು ನೋಡಿ. ಜಾನ್ ಫೈಲೊ ತೆಗೆದ ಆ ಚಿತ್ರದಲ್ಲಿ ಹುಡುಗಿಯ ತಲೆಯ ಹಿಂದೆಯೇ ಬೇಲಿಯ ಕಂಬವೊಂದು ಎದ್ದು ನಿಂತಿದೆ. 70ರ ದಶಕದಲ್ಲಿ ಯಾರೋ ಅಂದಕ್ಕಾಗಿ ಆ ಕಂಬವನ್ನು ಅಳಿಸಿದರು. ಕಂಬವಿಲ್ಲದ ಪ್ರತಿ ಒಬ್ಬರಿಂದ ಒಬ್ಬರಿಗೆ ದಾಟಿತು. 1995ರಲ್ಲಿ 'ಲೈಫ್' ಪತ್ರಿಕೆಯೂ ತಿದ್ದಿದ್ದು ಎಂಬ ಅರಿವಿಲ್ಲದೆ ಅದನ್ನೇ ಅಚ್ಚು ಹಾಕಿತು. ತೆಗೆದದ್ದು ಬರಿಯ ಕಂಬ, ಯಾರಿಗೂ ಕೇಡಿಲ್ಲದ ಕಂಬ. ಆದರೂ ಒಮ್ಮೆ ತಿದ್ದಿದ ಪ್ರತಿ ಮೂಲದ ಸ್ಥಾನದಲ್ಲಿ ಕುಳಿತುಬಿಟ್ಟರೆ ಬಲ್ಲವರೂ ಮೋಸಹೋಗುತ್ತಾರೆ.

ಧಾರ್ಮಿಕ ಸಂಸ್ಥೆಗಳು ಈ ಪ್ರಲೋಭನೆಗೆ ಹೊರತಾಗಿಲ್ಲ. ರಷ್ಯಾದ ಆರ್ಥೊಡಾಕ್ಸ್ ಸಭೆಯ ಪಿತೃಪ್ರಧಾನರಾದ ಕಿರಿಲ್ ಅವರ ಚಿತ್ರವೊಂದರಲ್ಲಿ ಮಣಿಕಟ್ಟಿನ ಮೇಲಿದ್ದ ಬೆಲೆಬಾಳುವ ಗಡಿಯಾರವನ್ನು ಯಾರೋ ಸಿಬ್ಬಂದಿ ಅಳಿಸಿದ್ದರು. ನುಣುಪಾದ ಮೇಜಿನ ಮೇಲೆ ಬಿದ್ದಿದ್ದ ಗಡಿಯಾರದ ಪ್ರತಿಬಿಂಬವನ್ನು ಅಳಿಸಲು ಮರೆತಿದ್ದರು. 2012ರಲ್ಲಿ ಇದು ಬೆಳಕಿಗೆ ಬಂದು, ಸಭೆ ಕ್ಷಮೆ ಕೋರಿ ಮೂಲಚಿತ್ರವನ್ನು ಹಿಂದಿರುಗಿಸಬೇಕಾಯಿತು. ಗಡಿಯಾರ ಇದ್ದದ್ದಕ್ಕಿಂತ ಅದನ್ನು ಅಳಿಸಿದ್ದೇ ದೊಡ್ಡ ಸುದ್ದಿಯಾಯಿತು.

ನೆರೆಯ ಸಭೆಯ ಮಾತನ್ನು ಆಡಿ ನಮ್ಮದನ್ನು ಬಿಟ್ಟರೆ ನ್ಯಾಯವಾಗದು. 2018ರ ಮಾರ್ಚ್ 12ರಂದು, ದಿವಂಗತ ವಿಶ್ವಗುರು ಫ್ರಾನ್ಸಿಸ್ ಅವರು ಆಯ್ಕೆಯಾಗಿ ಐದು ವರ್ಷ ತುಂಬುವ ಮುನ್ನಾದಿನ, ಅವರ ದೈವಶಾಸ್ತ್ರವನ್ನು ಕುರಿತ 11 ಕಿರುಸಂಪುಟಗಳ ಪರಿಚಯ ಸಮಾರಂಭ ನಡೆಯಿತು. ನಿವೃತ್ತರಾಗಿದ್ದ ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು ಆ ಸಂಬಂಧ ಬರೆದಿದ್ದ ಪತ್ರದ ಛಾಯಾಚಿತ್ರವನ್ನು ವ್ಯಾಟಿಕನ್‌ನ ಮಾಧ್ಯಮ ಕಾರ್ಯಾಲಯವು ಪತ್ರಿಕೆಗಳಿಗೆ ನೀಡಿತು. ಚಿತ್ರದಲ್ಲಿ ಮೊದಲ ಪುಟದ ಕೊನೆಯ ಎರಡು ಸಾಲುಗಳು ಮಬ್ಬಾಗಿದ್ದವು; ಎರಡನೆಯ ಪುಟ ಪುಸ್ತಕಗಳಡಿ ಮರೆಯಾಗಿ ಸಹಿಯಷ್ಟೇ ಕಾಣುತ್ತಿತ್ತು. ತಾವು ಆ ಸಂಪುಟಗಳನ್ನು ಪೂರ್ತಿ ಓದಿಲ್ಲ ಎಂಬ ಬೆನೆಡಿಕ್ಟರ ವಿವರಣೆ ಆರಂಭವಾಗುತ್ತಿದ್ದದ್ದು ಮಬ್ಬಾಗಿಸಿದ ಸಾಲುಗಳಲ್ಲಿಯೇ. ಎರಡು ದಿನಗಳಲ್ಲಿ ವ್ಯಾಟಿಕನ್ ಅದನ್ನು ಒಪ್ಪಿಕೊಂಡಿತು. 17ರಂದು ಪೂರ್ಣ ಪತ್ರ ಪ್ರಕಟವಾಯಿತು. 21ರಂದು ಕಾರ್ಯಾಲಯದ ಮುಖ್ಯಸ್ಥರಾಗಿದ್ದ ಮಾನ್ಸಿಞೊರ್ ದಾರಿಯೊ ವಿಗನೊ ಅವರ ರಾಜೀನಾಮೆಯನ್ನು ವಿಶ್ವಗುರುಗಳು ಅಂಗೀಕರಿಸಿದರು. ಅದೇ ವರ್ಷದ ಜನವರಿಯಲ್ಲಿ ಹೊರಬಿದ್ದಿದ್ದ ವಿಶ್ವ ಸಂಪರ್ಕ ಮಾಧ್ಯಮ ದಿನದ ವಿಶ್ವಗುರುಗಳ ಸಂದೇಶದ ವಿಷಯ ಸುಳ್ಳುಸುದ್ದಿಯೇ ಆಗಿತ್ತು ಎಂಬುದನ್ನು ನೆನೆದರೆ ನಗುವುದೋ ಅಳುವುದೋ ತಿಳಿಯದು. ಬೆನೆಡಿಕ್ಟರ ಆ ಎರಡು ಸಾಲುಗಳಿಂದ ಫ್ರಾನ್ಸಿಸ್ ಅವರ ಗೌರವಕ್ಕೆ ಯಾವ ಕುಂದೂ ಬರುತ್ತಿರಲಿಲ್ಲ. ಹಿರಿಯ ವಯಸ್ಸಿನ ಒಬ್ಬರು, ಇದನ್ನೆಲ್ಲ ಓದಲು ನನಗೆ ಆಗಿಲ್ಲ ಎಂದು ಪ್ರಾಮಾಣಿಕವಾಗಿ ಬರೆದಿದ್ದರು, ಅಷ್ಟೆ.

ಇದಕ್ಕೆ ಪ್ರತಿಯಾಗಿ, ನಮ್ಮ ಧರ್ಮಕೇಂದ್ರಗಳಲ್ಲಿಯೇ ಇರುವ ಒಂದು ಹಳೆಯ ಪದ್ಧತಿಯತ್ತ ಓದುಗರ ಗಮನ ಸೆಳೆಯಲು ಇಚ್ಛಿಸುತ್ತೇನೆ. ಗುರುಗಳ ನಿವಾಸದ ಬೀರುವಿನಲ್ಲಿರುವ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ನೋಡಿದವರಿಗೆ ಅದರ ಅಂಚು ಪರಿಚಿತ. ಮಗುವಿನ ಹೆಸರು, ತಂದೆತಾಯಿ, ಜ್ಞಾನಪಿತೃಗಳ ಹೆಸರು ಒಮ್ಮೆ ಬರೆದ ಮೇಲೆ ಮುಗಿಯಿತು. ಆಮೇಲೆ ಜೀವನದಲ್ಲಿ ಆಗುವುದನ್ನೆಲ್ಲ ಅಂಚಿನಲ್ಲಿ ಸೇರಿಸಲಾಗುತ್ತದೆ. ದೃಢೀಕರಣ, ವಿವಾಹ, ಗುರುದೀಕ್ಷೆ, ಕನ್ಯಾಮಠದ ಶಾಶ್ವತ ವ್ರತ ಎಲ್ಲಕ್ಕೂ ಅಲ್ಲಿ ಜಾಗವಿದೆ. ಒಂದು ವಿವಾಹವು ಅಸಿಂಧುವೆಂದು ಧರ್ಮಸಭೆಯ ನ್ಯಾಯಪೀಠ ತೀರ್ಪಿತ್ತರೂ ಹಿಂದೆ ಬರೆದದ್ದನ್ನು ಕೆರೆದು ತೆಗೆಯುವುದಿಲ್ಲ. ತೀರ್ಪಿನ ಟಿಪ್ಪಣಿಯನ್ನು ಪಕ್ಕದಲ್ಲಿ ಬರೆಯುತ್ತಾರೆ. ಆ ದಿನ ಆ ಇಬ್ಬರು ಬಲಿಪೀಠದ ಮುಂದೆ ನಿಂತಿದ್ದರು ಎಂಬುದೂ ನಿಜ, ನಂತರ ಇಂತಹ ತೀರ್ಪು ಬಂದಿತು ಎಂಬುದೂ ನಿಜ. ಎರಡೂ ಒಂದೇ ಪುಟದಲ್ಲಿ ಇರುತ್ತವೆ. ಮನೆಯ ಆಲ್ಬಮ್‌ಗೆ ಈ ನಿಯಮ ಏಕೆ ಅನ್ವಯಿಸಬಾರದು ಎಂಬುದೇ ನನ್ನ ಪ್ರಶ್ನೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕುಡಿದು ಬಂದು ಹೊಡೆಯುತ್ತಿದ್ದ ಗಂಡನಿಂದ ಜೀವ ಉಳಿಸಿಕೊಂಡು ತವರಿಗೆ ಬಂದ ಹೆಣ್ಣುಮಗಳು, ಅವನ ಮುಖವನ್ನು ದಿನಬೆಳಗಾದರೆ ಗೋಡೆಯ ಮೇಲೆ ಏಕೆ ನೋಡಬೇಕು? ಖಂಡಿತ ನೋಡಬೇಕಾಗಿಲ್ಲ. ಆ ಚಿತ್ರವನ್ನು ಇಳಿಸಿ ಕಪಾಟಿನಲ್ಲಿಡುವ ಹಕ್ಕು ಅವಳಿಗಿದೆ. ತನ್ನ ಮತ್ತು ಮಕ್ಕಳ ಭಾಗವನ್ನಷ್ಟೇ ಬೇರೆ ಮಾಡಿಸಿ ಚೌಕಟ್ಟು ಹಾಕಿಸಿಕೊಳ್ಳುವ ಹಕ್ಕೂ ಇದೆ. ಬೇರೆ ಮಾಡುವುದಕ್ಕೂ ತುಂಬುವುದಕ್ಕೂ ನಾನು ವ್ಯತ್ಯಾಸ ಕಾಣುತ್ತೇನೆ. ಚೌಕಟ್ಟನ್ನು ಕಿರಿದು ಮಾಡಿದಾಗ ಇಷ್ಟನ್ನು ಮಾತ್ರ ತೋರಿಸುತ್ತಿದ್ದೇವೆ ಎಂದಾಗುತ್ತದೆ. ಅವನಿದ್ದ ಜಾಗಕ್ಕೆ ಹೂಕುಂಡ ತಂದಿಟ್ಟರೆ ಅವನು ಇರಲೇ ಇಲ್ಲ ಎಂದಾಗುತ್ತದೆ. ಅವಳ ಮಗ ಮುಂದೊಂದು ದಿನ ತನ್ನ ತಂದೆಯ ಮುಖ ಹೇಗಿತ್ತು ಎಂದು ಕೇಳಬಹುದು. ಕೇಳದೆಯೂ ಇರಬಹುದು. ಆ ಆಯ್ಕೆ ಅವನಿಗೆ ಸೇರಿದ್ದು. ಮೂಲಪ್ರತಿಯನ್ನು ನೋಡಲು ಅವಳಿಗೆ ಸಂಕಟವಾದರೆ ಅಣ್ಣನ ಮನೆಯಲ್ಲಿಯೋ ಅತ್ತಿಗೆಯ ಪೆಟ್ಟಿಗೆಯಲ್ಲಿಯೋ ಅದು ಇರಲಿ.

ಹಾಗಾಗಿ ನಾನು ಕೇಳುವುದು ಇಷ್ಟೇ: ತಿದ್ದುವುದಾದರೆ ಪ್ರತಿಯನ್ನು ತಿದ್ದಿರಿ, ಮೂಲವನ್ನು ಮುಟ್ಟಬೇಡಿ. ಮೊಬೈಲಿನಲ್ಲಿ ತಿದ್ದಿದ ಚಿತ್ರವನ್ನು ಉಳಿಸುವಾಗ ಬೇರೆ ಪ್ರತಿಯಾಗಿ ಉಳಿಸುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಜಾಗ ಸಾಲದೆಂದು ಮೂಲವನ್ನು ಅಳಿಸುವ ಮುನ್ನ ಎರಡು ಬಾರಿ ಯೋಚಿಸಬೇಕು. ಕುಟುಂಬದ ವಾಟ್ಸಾಪ್ ಗುಂಪಿಗೆ ತಿದ್ದಿದ ಚಿತ್ರ ಕಳಿಸುವವರು, ಇದು ತಿದ್ದಿದ್ದು ಎಂದು ಒಂದು ಸಾಲು ಬರೆದರೆ ಗಂಟೇನೂ ಹೋಗುವುದಿಲ್ಲ. ಹತ್ತು ವರ್ಷಗಳ ನಂತರ ಎಲ್ಲರ ಬಳಿ ಉಳಿಯುವುದು ಆ ಗುಂಪಿನಲ್ಲಿ ಹಂಚಿದ ಚಿತ್ರವೇ. ಕೆಂಟ್ ಸ್ಟೇಟ್‌ನ ಕಂಬಕ್ಕೆ ಆದ ಗತಿ ನಮ್ಮ ಸೋದರತ್ತೆಗೂ ಆಗಬಾರದು. ಧರ್ಮಕೇಂದ್ರದ ಸ್ಮರಣ ಸಂಚಿಕೆ ಸಿದ್ಧಪಡಿಸುವವರಂತೂ ಇದನ್ನು ನಿಯಮವಾಗಿಯೇ ಪಾಲಿಸಬೇಕು. ಸಂಚಿಕೆ ಅಚ್ಚಾದ ಮೇಲೆ ಮನೆಮನೆಯಿಂದ ತಂದ ಚಿತ್ರಗಳು ಮುದ್ರಣಾಲಯದಲ್ಲಿಯೇ ಉಳಿದು ಕಳೆದುಹೋಗುವುದುಂಟು. ಅವುಗಳನ್ನು ಹಿಂದಿರುಗಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು.

ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಮಾಡಬೇಕಾದ ಕೆಲಸ ಇನ್ನೊಂದಿದೆ, ಮತ್ತು ಅದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ. ಒಂದು ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಹಳೆಯ ಗುಂಪುಚಿತ್ರಗಳನ್ನು ಅವರ ಮುಂದೆ ಹರಡಿ, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಕೇಳಿ ಚಿತ್ರದ ಹಿಂಬದಿಯಲ್ಲಿ ಬರೆದಿಡಿ. ಮುನಿಸಿಕೊಂಡು ಹೋದವರ ಹೆಸರನ್ನೂ ಬರೆಯಿರಿ. ಗೊತ್ತಿದ್ದರೆ ಇಸವಿಯನ್ನೂ ಸೇರಿಸಿ. ಮೆದು ಪೆನ್ಸಿಲ್‌ನಿಂದ ಹಗುರವಾಗಿ ಬರೆಯುವುದು ಒಳ್ಳೆಯದು. ಬಾಲ್‌ಪೆನ್ನನ್ನು ಒತ್ತಿ ಬರೆದರೆ ಅಕ್ಷರಗಳು ಮುಂಭಾಗದಲ್ಲಿ ಮುಖಗಳ ಮೇಲೆ ಮೂಡುತ್ತವೆ.